ನಕ್ಷತ್ರಚಿತ್ರಗಳ ಸತ್ಯಾಸತ್ಯ

ವಸ್ತುವಿನ ಸ್ವರೂಪವನ್ನು ಇದ್ದಂತೆಯೇ ವರ್ಣಿಸಿದರೆ ಅದು ಅಲಂಕಾರವೆನಿಸುವುದೋ ಇಲ್ಲವೋ ಎಂಬುದು ನಮ್ಮ ದೇಶದ ಆಲಂಕಾರಿಕರಲ್ಲಿ ಬಹುಕಾಲ ನಡೆದ ವಿವಾದವಾಗಿದೆ. ದಂಡಿಯು ಸ್ವಭಾವೋಕ್ತಿಗೆ ಅರ್ಥಾಲಂಕಾರಗಳಲ್ಲಿ ಮೊದಲನೆಯ ಪೀಠವನ್ನಿತ್ತನು. ಕನ್ನಡದ ಕವಿರಾಜಮಾರ್ಗವು ಬಹುಮಟ್ಟಿಗೆ ಅವನು ತೋರಿದ ದಾರಿಯನ್ನೇ ಹಿಡಿಯಿತು. ಕುಂತಕನಾದರೋ, ವಸ್ತುವಿನ ಸ್ವಭಾವವೆಂಬುದು ಅಲಂಕರಿಸಲ್ಪಡತಕ್ಕ ಶರೀರವಾಗಿರಲು, ಶರೀರವನ್ನೇ ಒಡವೆಯೆಂದು ಕರೆಯುವುದು ಹೇಗೆ ಸಲ್ಲುವುದೆಂದು ಆಕ್ಷೇಪಿಸಿದನು. ಕಾವ್ಯಮೀಮಾಂಸೆಯ ಗ್ರಂಥಗಳಲ್ಲಿ ಮಲಗಿದ್ದ ಈ ಚರ್ಚೆಯು ಇಂದು ಬೇರೊಂದು ಕಲೆಯ ಅಂಗಳದಲ್ಲಿ ಮತ್ತೆ ಎದ್ದು ನಿಂತಿದೆ. ಆ ಕಲೆಯೇ ಹವ್ಯಾಸಿಗಳು ತೆಗೆಯುವ ನಕ್ಷತ್ರಾಕಾಶದ ಛಾಯಾಚಿತ್ರ.

ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಊರಿನ ದೀಪಗಳಿಂದ ಬಹುದೂರ ಹೋಗಿ, ಬೆಟ್ಟದ ಮೇಲೋ ಬಯಲಿನಲ್ಲೋ ದೂರದರ್ಶಕವನ್ನು ನಿಲ್ಲಿಸಿ, ಕ್ಯಾಮರಾವನ್ನು ಅದಕ್ಕೆ ಜೋಡಿಸಿ, ಬೆಳಗಿನ ಜಾವದವರೆಗೆ ಎಚ್ಚರವಿರುವ ಜನರು ಈಗ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಚಿತ್ರಗಳು ಪಂಚಾಂಗದ ಹಾಳೆಗಳ ಮೇಲೆಯೂ ಮಕ್ಕಳ ಪುಸ್ತಕಗಳಲ್ಲಿಯೂ ಅಂಗೈಯೊಳಗಿನ ಫೋನಿನಲ್ಲಿಯೂ ಮನೆಮನೆಯನ್ನು ಹೊಕ್ಕಿವೆ. ಅವುಗಳನ್ನು ನೋಡಿದವರು ಸಾಮಾನ್ಯವಾಗಿ ಎರಡು ಬಗೆಯ ಮಾತನ್ನಾಡುತ್ತಾರೆ. ಆಕಾಶದಲ್ಲಿ ಈ ಬಣ್ಣಗಳು ಕಣ್ಣಿಗೆ ಕಾಣುವುದಿಲ್ಲವಾದುದರಿಂದ ಇದೆಲ್ಲ ಕೃತಕವೆನ್ನುವುದು ಒಂದು ಪಕ್ಷ. ಚಿತ್ರವು ಸುಂದರವಾಗಿದ್ದರೆ ಸಾಕು, ಅದು ಹೇಗೆ ಆಯಿತೆಂಬ ವಿಚಾರಣೆಯೇಕೆ ಎನ್ನುವುದು ಇನ್ನೊಂದು ಪಕ್ಷ. ಮೊದಲನೆಯವರು ಕಣ್ಣನ್ನೇ ಸತ್ಯದ ಕೊನೆಯ ಪ್ರಮಾಣವೆಂದು ಭಾವಿಸುತ್ತಾರೆ; ಎರಡನೆಯವರು ಸತ್ಯವನ್ನು ಚಿತ್ರಕ್ಕೆ ಸಂಬಂಧವಿಲ್ಲದ ಹೊರಗಿನ ಮಾತೆಂದು ಬಗೆಯುತ್ತಾರೆ. ಈ ಎರಡು ಪಕ್ಷಗಳೂ ವಿಮರ್ಶೆಯ ಕೆಲಸವನ್ನು ನಡುವೆಯೇ ಕೈಬಿಟ್ಟಿವೆ. ಒಂದೇ ವಸ್ತುವನ್ನು ಕುರಿತ ಎರಡು ಪ್ರಸಿದ್ಧ ಕೃತಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಸರಿಯಾದ ಅಳತೆಗೋಲು ದೊರೆಯದಿರದು.

ಆ ವಸ್ತುವು ದೇವಯಾನಿಯ ನೀಹಾರಿಕೆ. ಪೂರ್ವಾಭಾದ್ರಾ ಉತ್ತರಾಭಾದ್ರಾ ನಕ್ಷತ್ರಗಳಿಂದಾದ ದೊಡ್ಡ ಚೌಕದ ಈಶಾನ್ಯಕ್ಕೆ, ಕಾರ್ತಿಕಮಾಸದ ರಾತ್ರಿಗಳಲ್ಲಿ ಕನ್ನಡನಾಡಿನ ನೆತ್ತಿಗಿಂತ ತುಸು ಉತ್ತರಕ್ಕೆ, ಚಂದ್ರನಿಲ್ಲದ ಕತ್ತಲೆಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಕಾಣುವುದು ಒಂದು ಮಸುಕಾದ ತೇಪೆ ಮಾತ್ರ. ಸುಮಾರು ೯೬೪ರಲ್ಲಿ ಪಾರಸಿಕ ಜ್ಯೋತಿರ್ವಿದನಾದ ಅಲ್ ಸೂಫಿಯು ತನ್ನ ನಕ್ಷತ್ರಗ್ರಂಥದಲ್ಲಿ ಅದನ್ನು ಚಿಕ್ಕದೊಂದು ಮೋಡವೆಂದು ಗುರುತಿಸಿದನು. ೧೬೧೨ರಲ್ಲಿ ದೂರದರ್ಶಕವನ್ನು ಅತ್ತ ತಿರುಗಿಸಿದ ಸೈಮನ್ ಮರಿಯಸನು, ತೆಳುವಾದ ಕೊಂಬಿನ ಫಲಕದ ಹಿಂದೆ ಉರಿಯುವ ಮೇಣದಬತ್ತಿಯ ಬೆಳಕಿಗೆ ಅದನ್ನು ಹೋಲಿಸಿದನು. ಉಪಮೆಯು ಮನೋಹರವಾಗಿದೆ, ಇಂದಿಗೂ ಸಣ್ಣ ದೂರದರ್ಶಕದಲ್ಲಿ ನೋಡುವವನಿಗೆ ಇದಕ್ಕಿಂತ ಒಪ್ಪುವ ಮಾತು ಹೊಳೆಯುವುದು ಕಷ್ಟ. ಆದರೆ ಆ ವಸ್ತುವಿನ ನಿಜವಾದ ಹರವು ಹುಣ್ಣಿಮೆಯ ಚಂದ್ರಬಿಂಬವನ್ನು ಸಾಲಾಗಿ ಆರು ಸಲ ಇಟ್ಟಷ್ಟು ಅಗಲವಾಗಿದೆ. ಕಣ್ಣು ಕಾಣುವುದು ಅದರ ನಡುವಿನ ಗುಡ್ಡೆಯನ್ನು ಮಾತ್ರ.

ಕಣ್ಣಿನ ಈ ಸೋಲಿಗೆ ಕಾರಣವುಂಟು. ಕಣ್ಣು ಬೆಳಕನ್ನು ಕೂಡಿಡಲಾರದು. ಒಂದು ಕ್ಷಣದ ಸಣ್ಣ ಭಾಗದಲ್ಲಿ ಬಂದುದನ್ನು ಮನಸ್ಸಿಗೆ ಒಪ್ಪಿಸಿ, ಮತ್ತೆ ಬರಿದಾಗಿ, ಹೊಸ ಬೆಳಕಿಗೆ ಕಾದು ಕೂಡುವುದು ಅದರ ಧರ್ಮ. ಮಂದವಾದ ಬೆಳಕಿನಲ್ಲಿ ಅದು ಬಣ್ಣವನ್ನೂ ಗುರುತಿಸದು. ಬೆಳುದಿಂಗಳಿನಲ್ಲಿ ದಾಸವಾಳದ ಹೂವು ಕಪ್ಪಾಗಿ ತೋರುವುದು ಎಲ್ಲರ ಅನುಭವದ ಮಾತೇ ಆಗಿದೆ. ಛಾಯಾಫಲಕವಾದರೋ ಹನಿಹನಿಯಾಗಿ ಬಿದ್ದುದನ್ನೆಲ್ಲ ಕೊಡದಲ್ಲಿ ತುಂಬಿದಂತೆ ಸಂಗ್ರಹಿಸುತ್ತದೆ. ೧೮೮೦ರಲ್ಲಿ ಅಮೆರಿಕದ ಹೆನ್ರಿ ಡ್ರೇಪರನು ೫೧ ನಿಮಿಷಗಳ ಕಾಲ ಫಲಕವನ್ನು ತೆರೆದಿಟ್ಟು ಮೃಗಶಿರದ ಬಳಿಯ ಮಹಾವ್ಯಾಧ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಪಡೆದನು. ೧೮೮೩ರಲ್ಲಿ ಲಂಡನ್ನಿನ ಸಮೀಪದ ಈಲಿಂಗಿನಲ್ಲಿ ಆಂಡ್ರೂ ಕಾಮನ್ ಎಂಬ ಎಂಜಿನಿಯರನು ಅದೇ ನೀಹಾರಿಕೆಯನ್ನು ಚಿತ್ರಿಸಿದಾಗ, ಕಣ್ಣಿಗೆ ಗೋಚರಿಸದ ತಾರೆಗಳೂ ಫಲಕದ ಮೇಲೆ ಮೂಡಿದವು. ಇವರಿಬ್ಬರೂ ವೃತ್ತಿಯಿಂದ ಖಗೋಳಜ್ಞರಲ್ಲ. ಕಣ್ಣಿಗೆ ಕಾಣದಿರುವುದು ಇಲ್ಲದಿರುವುದೆಂದು ಅರ್ಥವಲ್ಲವೆಂಬ ತತ್ತ್ವವು ಹೀಗೆ ಹವ್ಯಾಸಿಗಳ ಕೈಯಿಂದಲೇ ಈ ಕಲೆಯ ಬುನಾದಿಗೆ ಬಿದ್ದಿತು.

ಈ ಪರಂಪರೆಯಲ್ಲಿ ವಿಮರ್ಶೆಗೆ ಯೋಗ್ಯವಾದ ಮೊದಲ ಕೃತಿಯು ಐಸಾಕ್ ರಾಬರ್ಟ್ಸನದು. ವೇಲ್ಸ್ ದೇಶದಲ್ಲಿ ೧೮೨೯ರಲ್ಲಿ ಹುಟ್ಟಿ, ಲಿವರ್‌ಪೂಲಿನಲ್ಲಿ ಕಟ್ಟಡಗಳ ಕಂತ್ರಾಟಿನಿಂದ ಧನವನ್ನು ಗಳಿಸಿದ ಈತನು, ಇಳಿವಯಸ್ಸಿನಲ್ಲಿ ಆಕಾಶದ ಕಡೆಗೆ ಮನಸ್ಸನ್ನು ಹರಿಯಿಸಿದನು. ೨೦ ಅಂಗುಲ ವ್ಯಾಸದ ದರ್ಪಣವುಳ್ಳ ದೂರದರ್ಶಕದಿಂದ ೧೮೮೮ರಲ್ಲಿ ಅವನು ತೆಗೆದ ದೇವಯಾನಿಯ ಚಿತ್ರವು ವಿದ್ವಾಂಸರನ್ನು ಬೆರಗುಗೊಳಿಸಿತು. ಅದುವರೆಗೆ ಮಸುಕು ಮಬ್ಬೆಂದು ತಿಳಿದಿದ್ದ ವಸ್ತುವಿನಲ್ಲಿ, ನಡುವಿನ ಕಾಂತಿಯನ್ನು ಸುತ್ತುವರಿದು ಹೊರಕ್ಕೆ ಬಿಚ್ಚಿಕೊಳ್ಳುವ ಸುರುಳಿಯೂ ಅದರ ನಡುನಡುವೆ ಕಪ್ಪಾದ ಪಟ್ಟೆಗಳೂ ಸ್ಪಷ್ಟವಾಗಿ ತೋರಿದವು. ಇಷ್ಟಕ್ಕೆ ತೃಪ್ತನಾಗದೆ, ಇನ್ನೂ ತಿಳಿಯಾದ ಆಕಾಶವನ್ನು ಅರಸಿ, ೧೮೯೦ರಲ್ಲಿ ಅವನು ಸಸೆಕ್ಸ್ ಪ್ರಾಂತದ ಕ್ರೋಬರೋ ಎಂಬ ಎತ್ತರದ ಊರಿಗೆ ವೀಕ್ಷಣಾಲಯವನ್ನು ಸಾಗಿಸಿದನು. ಒಳ್ಳೆಯ ಆಕಾಶಕ್ಕಾಗಿ ಮನೆಯನ್ನೇ ಬದಲಿಸುವ ಈ ಹುಚ್ಚು ಇಂದಿನ ಹವ್ಯಾಸಿಗಳಿಗೆ ಅಪರಿಚಿತವಲ್ಲ.

ರಾಬರ್ಟ್ಸನ ಕೃತಿಯ ಹಿರಿಮೆಯು ಸುರುಳಿಯನ್ನು ತೋರಿಸಿದುದರಲ್ಲಿ ಮಾತ್ರವಿಲ್ಲ. ತಾನು ಚಿತ್ರಿಸಿದುದೇನೆಂಬುದನ್ನು ಅವನು ತಪ್ಪಾಗಿಯೇ ತಿಳಿದನು. ಲಾಪ್ಲಾಸನ ಮತವನ್ನು ಅನುಸರಿಸಿ, ಹೊಸದೊಂದು ಸೌರಮಂಡಲವು ಅನಿಲದಿಂದ ಹೆಪ್ಪುಗಟ್ಟುತ್ತಿರುವ ದೃಶ್ಯವೇ ಇದೆಂದು ಅವನೂ ಅವನ ಕಾಲದ ಅನೇಕರೂ ಭಾವಿಸಿದರು. ೧೯೨೩ರಲ್ಲಿ ಮೌಂಟ್ ವಿಲ್ಸನ್ನಿನ ೧೦೦ ಅಂಗುಲದ ದೂರದರ್ಶಕದ ಫಲಕದ ಮೇಲೆ ಎಡ್ವಿನ್ ಹಬಲ್ ಕಾಂತಿಯು ಏರಿಳಿಯುವ ತಾರೆಯೊಂದನ್ನು ಅದರೊಳಗೆ ಗುರುತಿಸಿದ ಮೇಲೆ, ಅದು ಆಕಾಶಗಂಗೆಗೆ ಹೊರಗಿರುವ ಪ್ರತ್ಯೇಕ ತಾರಾಲೋಕವೆಂಬುದು ಸಿದ್ಧವಾಯಿತು. ಅದರ ದೂರವು ಸುಮಾರು ೨೫ ಲಕ್ಷ ಜ್ಯೋತಿರ್ವರ್ಷ. ವ್ಯಾಖ್ಯಾನವು ಬಿದ್ದುಹೋಯಿತು, ಚಿತ್ರವು ಉಳಿಯಿತು. ಉಳಿದುದೇಕೆಂದರೆ, ರಾಬರ್ಟ್ಸನು ತನ್ನ ಮತಕ್ಕೆ ಒಪ್ಪುವಂತೆ ಒಂದು ಗೆರೆಯನ್ನೂ ತಿದ್ದಲಿಲ್ಲ. ೧೮೯೩ರಲ್ಲಿಯೂ ೧೮೯೯ರಲ್ಲಿಯೂ ಅವನು ಪ್ರಕಟಿಸಿದ ಎರಡು ಚಿತ್ರಸಂಪುಟಗಳಲ್ಲಿ ಚಿತ್ರಗಳೊಡನೆ ತೆಗೆದ ದಿನವನ್ನೂ ಫಲಕವನ್ನು ತೆರೆದಿಟ್ಟ ಕಾಲವನ್ನೂ ಆಕಾಶದಲ್ಲಿನ ಸ್ಥಾನವನ್ನೂ ಅಳತೆಯ ಪ್ರಮಾಣವನ್ನೂ ಅಚ್ಚುಹಾಕಿಸಿದನು. ಓದುಗನು ಅವನ ಅಭಿಪ್ರಾಯವನ್ನು ತಳ್ಳಿಹಾಕಿಯೂ ಅವನ ಸಾಕ್ಷ್ಯವನ್ನು ಇಟ್ಟುಕೊಳ್ಳಬಹುದು. ಸ್ವಭಾವೋಕ್ತಿಯ ಶೀಲವೆಂದರೆ ಇದೇ: ಕರ್ತೃವಿನ ಬುದ್ಧಿಗಿಂತ ವಸ್ತುವಿನ ಮಾತಿಗೆ ಹೆಚ್ಚಿನ ಅವಕಾಶವನ್ನು ಬಿಡುವುದು.

ಎರಡನೆಯ ಕೃತಿಯು ಅಲ್ಲಿಂದ ಒಂದು ಶತಮಾನಕ್ಕೂ ಮಿಕ್ಕ ಕಾಲದ ಅನಂತರದ್ದು. ಫ್ರಾನ್ಸಿನ ಯಾನ್ ಸೈಂತಿ, ಜೇವಿಯರ್ ಸ್ಟ್ರಾಟ್ನರ್ ಮತ್ತು ಜರ್ಮನಿಯ ಮಾರ್ಸೆಲ್ ಡ್ರೆಕ್ಸ್‌ಲರ್ ಎಂಬ ಮೂವರು ಹವ್ಯಾಸಿಗಳು ೨೦೨೨ರಲ್ಲಿ ಅದೇ ದೇವಯಾನಿಯನ್ನು ಚಿತ್ರಿಸಿದರು. ಜಗತ್ತಿನಲ್ಲಿ ಇದಕ್ಕಿಂತ ಹೆಚ್ಚು ಸಲ ಛಾಯಾಚಿತ್ರಕ್ಕೆ ಗುರಿಯಾದ ನೀಹಾರಿಕೆಗಳು ವಿರಳ. ಇನ್ನು ಹೊಸತೇನು ಸಿಕ್ಕೀತೆಂದು ಯಾರೂ ಎಣಿಸುವಂತಿರಲಿಲ್ಲ. ಅವರ ದೂರದರ್ಶಕದ ಮಸೂರವು ಕೇವಲ ೧೦೬ ಮಿಲಿಮೀಟರ್ ವ್ಯಾಸದ್ದು. ರಾಬರ್ಟ್ಸನ ದರ್ಪಣದ ಐದನೆಯ ಒಂದು ಪಾಲು. ಆದರೆ ಅವರು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕವು ಸೂಸುವ ಬೆಳಕನ್ನು ಮಾತ್ರ ಒಳಗೆ ಬಿಡುವ ಶೋಧಕವನ್ನು ಹಾಕಿ, ರಾತ್ರಿಯ ಮೇಲೆ ರಾತ್ರಿ ಬೆಳಕನ್ನು ಕೂಡಿಟ್ಟರು. ಎಲ್ಲವೂ ಸೇರಿ ನೂರು ಗಂಟೆಗಳನ್ನು ಮೀರಿದ ಆ ಸಂಗ್ರಹದಲ್ಲಿ, ನೀಹಾರಿಕೆಯ ಪಕ್ಕದಲ್ಲಿ ಯಾರೂ ಕಾಣದಿದ್ದ ದೊಡ್ಡದೊಂದು ಬಿಲ್ಲಿನಾಕಾರವು ಮೂಡಿತು. ಅದರ ಉದ್ದವು ಚಂದ್ರಬಿಂಬದ ಮೂರರಷ್ಟು.

ಈ ಚಿತ್ರಕರ್ತರು ಮುಂದೆ ನಡೆದುಕೊಂಡ ರೀತಿಯೂ ಕೃತಿಯ ಭಾಗವೆಂದೇ ಎಣಿಸತಕ್ಕದ್ದು. ತಮ್ಮ ಉಪಕರಣದೊಳಗಿನ ಪ್ರತಿಫಲನವೇ ಹಾಗೆ ಕಾಣುತ್ತಿರಬಹುದೆಂದು ಅವರು ಮೊದಲು ಸಂಶಯಪಟ್ಟರು. ಬೇರೆ ಸ್ಥಳಗಳಲ್ಲಿ, ಬೇರೆಯವರ ಉಪಕರಣಗಳಿಂದ ಪರೀಕ್ಷೆ ನಡೆದು, ಅಲ್ಲಿಯೂ ಆ ಬಿಲ್ಲು ಕಂಡುಬಂದ ಮೇಲೆ, ವಿದ್ವಾಂಸರೊಡನೆ ಸೇರಿ ೨೦೨೩ರಲ್ಲಿ ಪ್ರಕಟಿಸಿದರು. ಅದು ಆಕಾಶಗಂಗೆಯೊಳಗಿನ ಅನಿಲವೋ, ದೇವಯಾನಿಗೆ ಸೇರಿದ್ದೋ ಎಂಬುದನ್ನು ಪ್ರಕಟನೆಯ ಕಾಲದಲ್ಲಿ ನಿರ್ಣಯವಿಲ್ಲದೆಯೇ ಬಿಟ್ಟರು. ಗ್ರೀನಿಚ್ ವೀಕ್ಷಣಾಲಯವು ೨೦೦೯ರಲ್ಲಿ ಆರಂಭಿಸಿದ ಖಗೋಳ ಛಾಯಾಚಿತ್ರ ಸ್ಪರ್ಧೆಯಲ್ಲಿ ಈ ಚಿತ್ರಕ್ಕೆ ೨೦೨೩ರಲ್ಲಿ ಪ್ರಥಮ ಸ್ಥಾನ ದೊರೆಯಿತು. ತೀರ್ಪುಗಾರರು ಸೌಂದರ್ಯವನ್ನು ಮಾತ್ರ ನೋಡಿದ್ದರೂ ಆಯ್ಕೆಯು ತಪ್ಪಾಗುತ್ತಿರಲಿಲ್ಲ. ಸತ್ಯವನ್ನೂ ನೋಡಿದುದರಿಂದ ಅದು ಹೆಚ್ಚು ಗೌರವಕ್ಕೆ ಪಾತ್ರವಾಯಿತು.

ಇಲ್ಲಿ ಮೊದಲನೆಯ ಪಕ್ಷದವರ ಆಕ್ಷೇಪವನ್ನು ಪರಿಶೀಲಿಸಬೇಕು. ನೂರಾರು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಒಂದಾಗಿಸಿದುದು ಸ್ವಭಾವೋಕ್ತಿ ಹೇಗಾದೀತೆಂದು ಅವರು ಕೇಳುತ್ತಾರೆ. ಈ ಕ್ರಿಯೆಯ ಮರ್ಮವು ಸರಳವಾಗಿದೆ. ಪ್ರತಿಯೊಂದು ಚಿತ್ರದಲ್ಲಿಯೂ ನೀಹಾರಿಕೆಯ ಬೆಳಕಿನೊಡನೆ ಆಕಸ್ಮಿಕವಾದ ಕಲಮಲವೂ ಬೆರೆತಿರುತ್ತದೆ. ನಿಜವಾದುದು ಎಲ್ಲ ಚಿತ್ರಗಳಲ್ಲಿಯೂ ಅದೇ ಜಾಗದಲ್ಲಿರುತ್ತದೆ. ಆಕಸ್ಮಿಕವಾದುದು ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ನೂರು ಚಿತ್ರಗಳ ಸರಾಸರಿಯಲ್ಲಿ ಕಲಮಲವು ಹತ್ತನೆಯ ಒಂದು ಭಾಗಕ್ಕೆ ಇಳಿದು, ನಿಜವಾದುದು ಹಾಗೆಯೇ ನಿಲ್ಲುತ್ತದೆ. ಹಲವು ಓಲೆಪ್ರತಿಗಳನ್ನು ಹೋಲಿಸಿ ಲಿಪಿಕಾರರ ತಪ್ಪುಗಳನ್ನು ಕಳೆದು ಶುದ್ಧಪಾಠವನ್ನು ನಿರ್ಣಯಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಸಂಪಾದಿತವಾದ ಕಾವ್ಯವನ್ನು ಯಾರೂ ಕೃತಕವೆನ್ನುವುದಿಲ್ಲ.

ಬಣ್ಣದ ವಿಚಾರವು ಇದಕ್ಕಿಂತ ಸೂಕ್ಷ್ಮವಾದುದು. ಆ ಬಿಲ್ಲಿನ ಕಾಂತಿಯನ್ನು ಚಿತ್ರದಲ್ಲಿ ಬಹಳವಾಗಿ ಏರಿಸಲಾಗಿದೆ. ನೀಹಾರಿಕೆಯ ಪಕ್ಕದಲ್ಲಿ ಅದು ಅಷ್ಟೊಂದು ಬೆಳಗುತ್ತಿದೆಯೆಂದು ನೋಡುವವನು ತಿಳಿದರೆ ಮೋಸಹೋಗುತ್ತಾನೆ. ಇನ್ನು ಕೆಲವು ಚಿತ್ರಗಳಲ್ಲಿ ಗಂಧಕದ ಬೆಳಕಿಗೆ ಕೆಂಪನ್ನೂ ಜಲಜನಕಕ್ಕೆ ಹಸಿರನ್ನೂ ಆಮ್ಲಜನಕಕ್ಕೆ ನೀಲಿಯನ್ನೂ ಕೊಡುವ ಪದ್ಧತಿಯುಂಟು. ಹಬಲ್ ವ್ಯೋಮದೂರದರ್ಶಕದ ೧೯೯೫ರ ಪ್ರಸಿದ್ಧ ಸ್ತಂಭಚಿತ್ರದಿಂದ ಇದು ಲೋಕಪ್ರಿಯವಾಯಿತು. ವಾಸ್ತವವಾಗಿ ಆ ಚಿತ್ರಗಳಲ್ಲಿ ಹಿಡಿದ ಗಂಧಕದ ಬೆಳಕೂ ಜಲಜನಕದ ಬೆಳಕೂ ಎರಡೂ ಕೆಂಪೇ. ಹೀಗಿರಲು ಹಸಿರು ಸುಳ್ಳಲ್ಲವೇ ಎಂದರೆ, ಭೂಪಟದಲ್ಲಿ ಪ್ರಾಂತಕ್ಕೊಂದು ಬಣ್ಣವನ್ನು ಬಳಿಯುವುದು ಎಷ್ಟು ಸುಳ್ಳೋ ಅಷ್ಟೇ. ಯಾವ ಬಣ್ಣವು ಯಾವ ವಸ್ತುವನ್ನು ಸೂಚಿಸುವುದೆಂದು ಚಿತ್ರದ ಕೆಳಗೆ ಬರೆದಿದ್ದರೆ ಅದು ಸಂಕೇತ. ಬರೆಯದೆ, ಆಕಾಶವು ಹೀಗೆಯೇ ಇದೆಯೆಂದು ನಂಬಿಸಹೊರಟರೆ ಅದು ವಂಚನೆ. ಅತಿಶಯವು ದೋಷವಲ್ಲ. ಅತಿಶಯವನ್ನು ಸಹಜವೆಂದು ತೋರಿಸುವುದು ದೋಷ.

ಆದರೆ ಇವೆರಡನ್ನೂ ಮೀರಿದ ಒಂದು ಬಗೆಯ ಚಿತ್ರವು ಈಚೆಗೆ ಹಬ್ಬುತ್ತಲಿದೆ. ವಿಮರ್ಶೆಯ ನಿಷ್ಠುರತೆಯನ್ನು ಅದಕ್ಕಾಗಿಯೇ ಕಾದಿರಿಸಬೇಕಾಗಿದೆ. ದೀಪಗಳಿಂದ ಝಗಝಗಿಸುವ ಪೇಟೆಯ ಗೋಪುರದ ಮೇಲೆ, ಬೇರೆ ದೇಶದ ಬೇರೆ ರಾತ್ರಿಯಲ್ಲಿ ತೆಗೆದ ಆಕಾಶಗಂಗೆಯನ್ನು ತಂದು ಅಂಟಿಸುತ್ತಾರೆ. ಉತ್ತರಕ್ಕೆ ಮುಖಮಾಡಿದ ಬೆಟ್ಟದ ನೆತ್ತಿಯ ಮೇಲೆ, ದಕ್ಷಿಣದಲ್ಲಿ ಮಾತ್ರ ಕಾಣತಕ್ಕ ಧನುರಾಶಿಯ ಕಾಂತಿಪುಂಜವನ್ನು ನಿಲ್ಲಿಸುತ್ತಾರೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದು, ದೇಶಕಾಲಗಳ ಔಚಿತ್ಯವನ್ನೂ ಪ್ರತ್ಯೇಕವಾಗಿ ಎಣಿಸಿದ್ದಾನೆ. ಈ ಚಿತ್ರಗಳಲ್ಲಿ ಕೆಟ್ಟಿರುವುದು ಆ ದೇಶಕಾಲಗಳೇ. ಅಲ್ಲಿನ ಗೋಪುರವೂ ನಿಜ, ಆಕಾಶಗಂಗೆಯೂ ನಿಜ. ಅವೆರಡೂ ಜೊತೆಯಾಗಿದ್ದುವೆಂಬುದೊಂದೇ ಸುಳ್ಳು.

ಚಿತ್ರಕಾರನಿಗೆ ಕಲ್ಪನಾಸ್ವಾತಂತ್ರ್ಯವಿಲ್ಲವೇ ಎಂದು ಎರಡನೆಯ ಪಕ್ಷದವರು ಇಲ್ಲಿ ಎದ್ದು ಕೇಳುವರು. ಕುಂಚದಿಂದ ಬರೆಯುವವನಿಗೆ ಖಂಡಿತವಾಗಿಯೂ ಉಂಟು. ಅವನು ಗೋಪುರದ ಮೇಲೆ ಎರಡು ಚಂದ್ರರನ್ನು ಬರೆದರೂ ಯಾರೂ ಅವನನ್ನು ಸಾಕ್ಷಿಗೆ ಕರೆಯುವುದಿಲ್ಲ. ಛಾಯಾಚಿತ್ರಕಾರನಾದರೋ, ತಾನು ಅಲ್ಲಿ ಇದ್ದೆನು, ಇದು ಅಲ್ಲಿ ಇದ್ದಿತು ಎಂಬ ಮಾತಿನ ಬಲದಿಂದಲೇ ನೋಡುವವನ ಮನಸ್ಸನ್ನು ಗೆಲ್ಲುತ್ತಾನೆ. ಸಾಕ್ಷಿಯ ಗೌರವವನ್ನು ಪಡೆದು ಕವಿಯ ಸ್ವಾತಂತ್ರ್ಯವನ್ನು ಬೇಡುವುದು ಉಚಿತವಲ್ಲ. ಜೋಡಿಸಿದುದನ್ನು ಜೋಡಿಸಿದುದೆಂದು ಒಪ್ಪಿಕೊಂಡರೆ ಆ ಚಿತ್ರವೂ ತನ್ನ ಸ್ಥಾನದಲ್ಲಿ ಸುಖವಾಗಿ ಇರಬಹುದು.

ಈ ಸುಳ್ಳಿನಿಂದ ಆಗುವ ಹಾನಿಯು ಕಲೆಯ ಒಳಗೆ ಮಾತ್ರ ನಿಲ್ಲುವುದಿಲ್ಲ. ಅಮೆರಿಕದ ಜಾನ್ ಬಾರ್ಟಲ್ ೨೦೦೧ರಲ್ಲಿ ರಾತ್ರಿಯ ಕತ್ತಲೆಯನ್ನು ಒಂಬತ್ತು ತರಗತಿಗಳಾಗಿ ವಿಂಗಡಿಸಿದನು. ಮೊದಲನೆಯ ತರಗತಿಯ ಕತ್ತಲೆಯಲ್ಲಿ ವೃಶ್ಚಿಕ ಧನುಗಳೆಡೆಯ ಆಕಾಶಗಂಗೆಯ ಬೆಳಕಿಗೇ ನೆಲದ ಮೇಲೆ ನೆರಳು ಬೀಳುತ್ತದೆ. ಒಂಬತ್ತನೆಯದರಲ್ಲಿ, ಎಂದರೆ ಮಹಾನಗರದ ನಡುವೆ, ಕೆಲವು ತಾರೆಗಳ ಹೊರತು ಏನೂ ಉಳಿಯುವುದಿಲ್ಲ. ೨೦೧೬ರಲ್ಲಿ ಪ್ರಕಟವಾದ ಜಾಗತಿಕ ಭೂಪಟದ ಪ್ರಕಾರ, ಲೋಕದ ಜನರಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಮಂದಿ ದೀಪದ ಬೆಳಕಿನಿಂದ ಕೆಟ್ಟ ಆಕಾಶದ ಕೆಳಗೆ ಬಾಳುತ್ತಿದ್ದರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿನವರಿಗೆ ಮನೆಯಿಂದ ಆಕಾಶಗಂಗೆಯು ಕಾಣುತ್ತಿರಲಿಲ್ಲ. ೨೦೧೧ರಿಂದ ೨೦೨೨ರವರೆಗೆ ಸಾಮಾನ್ಯ ಜನರು ಬರಿಗಣ್ಣಿನಿಂದ ಮಾಡಿದ ೫೦ ಸಾವಿರಕ್ಕೂ ಮಿಕ್ಕ ವೀಕ್ಷಣೆಗಳನ್ನು ಕಲೆಹಾಕಿದ ಅಧ್ಯಯನವು, ಆಕಾಶದ ಬೆಳಕು ವರ್ಷಕ್ಕೆ ನೂರಕ್ಕೆ ೯.೬ರಂತೆ ಏರಿತೆಂದು ೨೦೨೩ರಲ್ಲಿ ತಿಳಿಸಿತು. ಮಗುವು ಹುಟ್ಟಿದಾಗ ೨೫೦ ತಾರೆಗಳು ಕಾಣುವ ಊರಿನಲ್ಲಿ, ಇದೇ ವೇಗದಲ್ಲಿ ಅದಕ್ಕೆ ಹದಿನೆಂಟು ತುಂಬುವ ಹೊತ್ತಿಗೆ ಕಾಣುವುವು ೧೦೦ ಮಾತ್ರ.

ಇಂತಹ ಊರಿನ ಮೇಲೆ ಎರವಲು ಆಕಾಶಗಂಗೆಯನ್ನು ಅಂಟಿಸಿದ ಚಿತ್ರವು, ಕಳೆದುಹೋದುದನ್ನು ಕಳೆದುಹೋಗಿಲ್ಲವೆಂದು ಹೇಳುತ್ತದೆ. ಕಳವನ್ನು ಮುಚ್ಚಿಡುವ ಸಾಕ್ಷಿಯಂತೆ ಅದು ವರ್ತಿಸುತ್ತದೆ. ಮನೆಯ ಗೋಡೆಯ ಮೇಲೆ ಅದನ್ನು ನೋಡಿ ಬೆಳೆಯುವ ಮಗುವು, ಮಹಡಿಯ ಮೇಲೆ ಹತ್ತಿ ಏನೂ ಕಾಣದಿದ್ದಾಗ, ತನ್ನ ಕಣ್ಣಿನಲ್ಲಿಯೇ ಕೊರತೆಯೆಂದು ತಿಳಿದೀತು. ಬೀದಿಯ ದೀಪಕ್ಕೆ ಮೇಲ್ಮುಚ್ಚಳವಿಲ್ಲದಿರುವುದು ಕಾರಣವೆಂದು ಅದಕ್ಕೆ ಎಂದೂ ಹೊಳೆಯದು. ಕೇಳುವವರಿಲ್ಲದ ಮೇಲೆ ಕತ್ತಲೆಯನ್ನು ಉಳಿಸುವವರು ಯಾರು?

ಉಳಿಸುವ ಪ್ರಯತ್ನವೂ ನಡೆಯದೆ ಇಲ್ಲ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೫೦೦ ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ೨ ಮೀಟರ್ ದೂರದರ್ಶಕವು ೨೦೦೦ದಲ್ಲಿ ಮೊದಲ ಬೆಳಕನ್ನು ಕಂಡಿತು. ಕನ್ನಡನಾಡಿನ ಹೊಸಕೋಟೆಯಲ್ಲಿ ಕುಳಿತು ಅದನ್ನು ನಡೆಯಿಸುವ ವ್ಯವಸ್ಥೆಯೂ ಇದೆ. ಈ ವೀಕ್ಷಣಾಲಯದ ಸುತ್ತಣ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶವು ೨೦೨೨ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅಲ್ಲಿನ ಹಳ್ಳಿಗರು ಕಿಟಕಿಗಳಿಗೆ ದಪ್ಪ ಪರದೆಗಳನ್ನು ಇಳಿಬಿಟ್ಟು, ದೀಪಗಳಿಗೆ ಮರೆ ಕಟ್ಟಿ, ದೂರದಿಂದ ಬಂದವರಿಗೆ ತಾವೇ ದೂರದರ್ಶಕಗಳಲ್ಲಿ ಆಕಾಶವನ್ನು ತೋರಿಸುತ್ತಾರೆ. ದೇಶದ ನಾನಾ ಕಡೆಗಳಿಂದ ಹವ್ಯಾಸಿಗಳು ಅಲ್ಲಿಗೆ ಹೋಗಿ ಚಿತ್ರಗಳನ್ನು ತರುತ್ತಾರೆ. ಆ ಚಿತ್ರಗಳ ಹಿಂದೆ ಕ್ಯಾಮರಾದವನ ಶ್ರಮದೊಡನೆ ಪರದೆಯನ್ನು ಎಳೆದ ಮನೆಯಾಕೆಯ ಉಪಕಾರವೂ ಸೇರಿದೆ. ಆದುದರಿಂದ ಅಂತಹ ಚಿತ್ರದ ಕೆಳಗೆ ಸ್ಥಳದ ಹೆಸರನ್ನು ಬರೆಯುವುದು ಋಣವನ್ನು ಒಪ್ಪಿಕೊಂಡಂತೆ. ಬೇರೆಯೂರಿನ ಹೆಸರನ್ನು ಅದಕ್ಕೆ ಅಂಟಿಸುವವನು ಆ ಋಣವನ್ನು ಅಲ್ಲಗಳೆದಂತೆಯೇ ಆಗುತ್ತದೆ.

ಹಾಗಾದರೆ ನಕ್ಷತ್ರಚಿತ್ರವನ್ನು ಮನೆಗೆ ತರುವ ಗೃಹಸ್ಥರು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಎಲ್ಲಿ, ಎಂದು ತೆಗೆದುದು? ಎಷ್ಟು ಹೊತ್ತಿನ ಬೆಳಕು? ಬಣ್ಣಗಳ ಅರ್ಥವೇನು? ಈ ಮೂರಕ್ಕೂ ಉತ್ತರವಿರುವ ಚಿತ್ರವು ಎಷ್ಟೇ ವರ್ಣಮಯವಾಗಿದ್ದರೂ ಸ್ವಭಾವೋಕ್ತಿಯ ಪಂಕ್ತಿಯಲ್ಲಿ ಕೂಡಬಹುದು. ಉತ್ತರವಿಲ್ಲದುದು ಎಷ್ಟೇ ಸಹಜವಾಗಿ ತೋರಿದರೂ ಆ ಪಂಕ್ತಿಗೆ ಸಲ್ಲದು. ರಾಬರ್ಟ್ಸನ ಬಣ್ಣವಿಲ್ಲದ ಫಲಕವೂ ಮೂವರು ಹವ್ಯಾಸಿಗಳ ವರ್ಣಚಿತ್ರವೂ ನೋಟಕ್ಕೆ ಅಜಗಜಾಂತರವಾಗಿದ್ದರೂ ಈ ಪರೀಕ್ಷೆಯಲ್ಲಿ ಒಂದೇ ಕುಲದವಾಗಿ ನಿಲ್ಲುತ್ತವೆ.

ಕುಂತಕನ ಆಕ್ಷೇಪಕ್ಕೂ ಇಲ್ಲಿ ಒಂದು ಸಮಾಧಾನವು ದೊರೆಯುತ್ತದೆ. ಸ್ವಭಾವವು ಶರೀರವೇ ಸರಿ. ಆದರೆ ಮಬ್ಬಿನಲ್ಲಿ ಮರೆಯಾದ ಶರೀರವನ್ನು ತಾಳ್ಮೆಯಿಂದ ಬೆಳಕಿಗೆ ತರುವುದಕ್ಕೂ ಕಲೆ ಬೇಕು. ಇನ್ನು ಚಿತ್ರವನ್ನು ಮೆಚ್ಚಿದವರು ದೀಪಾವಳಿಯ ಅಮಾವಾಸ್ಯೆಯಲ್ಲಿ, ಹಣತೆಗಳು ಆರಿದ ಮೇಲೆ, ಊರಾಚೆಯ ಹೊಲದ ಬದುವಿನಲ್ಲಿ ಅರ್ಧ ಗಂಟೆ ಕತ್ತಲೆಗೆ ಕಣ್ಣನ್ನು ಒಗ್ಗಿಸಿ, ಭಾದ್ರಪದೆಯ ಚೌಕದ ಈಶಾನ್ಯಕ್ಕೆ ನೋಡಲಿ. ಸುರುಳಿಯೂ ಕಾಣದು, ಬಿಲ್ಲೂ ಕಾಣದು. ಅಲ್ ಸೂಫಿಯು ಕಂಡ ಆ ಚಿಕ್ಕ ಮೋಡವು ಮಾತ್ರ ಕಂಡೀತು. ೨೫ ಲಕ್ಷ ವರ್ಷಗಳ ಹಿಂದೆ ಹೊರಟ ಆ ಬೆಳಕು ಇನ್ನೂ ಆ ಊರಿನ ಕಣ್ಣಿಗೆ ಮುಟ್ಟುತ್ತಿದೆಯೆಂಬುದು ಆಗ ನಿಶ್ಚಯವಾಗುವುದು. ಅದು ಕಾಣದಿದ್ದರೆ, ಆ ಊರಿನ ಬೀದಿದೀಪಗಳನ್ನು ಕುರಿತು ಯೋಚಿಸುವ ಕಾಲವು ಬಂದಿದೆಯೆಂದು ತಿಳಿಯಬೇಕು.